ನರ್ಸಮ್ಮನ ಗಾಡಿಗೆ ನಾನು ಕಟ್ಟಿದ ವೇಷ

ಮೊನ್ನೆ ಸಾಗರದ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಂದಿದ್ದ ಅಜ್ಜರೊಬ್ಬರು ಜೇಬಿನಿಂದ ಪುಟ್ಟ ಬಾಟಲಿ ತೆಗೆದು, ತಮ್ಮ ಮುದಿ ಮೊಪೆಡ್ಡಿನ ಟ್ಯಾಂಕಿಗೆ ಔಷಧಿ ಹೊಯ್ದಂತೆ ಆಯಿಲ್ ಹೊಯ್ದರು. ಆಮೇಲೆ ನಾಲ್ಕು ಬಾರಿ ಒದ್ದರು. ಅದು ಕೆಮ್ಮಿ, ಬಂಕಿನ ತುಂಬ ನೀಲಿ ಹೊಗೆ ಬಿಟ್ಟು ಹೊರಟಿತು. ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೊಬ್ಬ ಮಾತ್ರ ಮಲ್ಲಿಗೆ ಮೂಸಿದವನಂತೆ ಉಸಿರೆಳೆದುಕೊಂಡೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಆ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಚಿತ್ರ ಬರೆದು ಭಾಗಗಳನ್ನು ಗುರುತಿಸಬಲ್ಲೆ. ಆದರೂ ಎಳೆದುಕೊಂಡೆ. ನೀವೂ ಒಂದು ಕಾಲದಲ್ಲಿ ಹಳೆಯ ಬೈಕಿನ ಹುಚ್ಚು ಹತ್ತಿಸಿಕೊಂಡವರಾದರೆ ನನ್ನನ್ನು ಕ್ಷಮಿಸುತ್ತೀರಿ.

ನಲವತ್ತು ದಾಟಿದ ಗಂಡಸನ್ನು ಏನಾದರೊಂದು ಹಿಡಿಯದೆ ಬಿಡುವುದಿಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟ್ರನ್ನು ಹಾರ್ಮೋನಿಯಂ ಹಿಡಿಯಿತು. ಅವರ ನೆರೆಮನೆಯವರು ಈಗ ಮನೆ ಬದಲಿಸಿದ್ದಾರೆ. ನನ್ನನ್ನು ಹಿಡಿದದ್ದು ಮೋಟಾರ್ ಸೈಕಲ್. ಆರು ವರ್ಷದ ಹಿಂದಿನ ಮಾತು. ಮೊಬೈಲಿನಲ್ಲಿ ದಿನವೂ ಹಳೆಯ ಗಾಡಿಗಳ ವೀಡಿಯೋ ನೋಡುತ್ತಿದ್ದೆ. ಕರಿ ಜಾಕೆಟ್ಟಿನ ಗಡ್ಡದ ಗಂಡಸರು ಗಾಳಿ ಸೀಳಿಕೊಂಡು ಎಲ್ಲಿಗೋ ಹೋಗುತ್ತಿದ್ದರು. ಅವರಿಗೆ ಎಲ್ಲಿಯೂ ಕೆಲಸವಿದ್ದಂತೆ ಕಾಣುತ್ತಿರಲಿಲ್ಲ. ನನಗೂ ಹಾಗೆಯೇ ಹೋಗಬೇಕೆನಿಸಿತು, ಭಾನುವಾರಗಳಲ್ಲಾದರೂ.

"ಬೈಕ್ ತಗೊಳ್ಳಿ, ಬೇಡ ಅನ್ನಲ್ಲ," ಎಂದಳು ನನ್ನ ಹೆಂಡತಿ ಸುಮಾ. "ಮೊದ್ಲು ಹೊಟ್ಟೆ ಇಳಿಸಿ. ಇಲ್ದಿದ್ರೆ ಟ್ಯಾಂಕ್ ಯಾವ್ದು, ಹೊಟ್ಟೆ ಯಾವ್ದು ಅಂತ ಜನಕ್ಕೆ ಗೊತ್ತಾಗಲ್ಲ."

ಹುಡುಕಾಟ ತೀರ್ಥಹಳ್ಳಿಯಿಂದ ಶುರುವಾಯಿತು. ಅಲ್ಲೊಬ್ಬರ ಕೊಟ್ಟಿಗೆಯಲ್ಲಿ ಒಳ್ಳೆಯ ಗಾಡಿ ಇದೆಯೆಂದು ಕೇಳಿ ಹೋದೆ. ಗಾಡಿ ಇತ್ತು. ಸೀಟು ಕಿತ್ತುಹೋದ ಜಾಗದಲ್ಲಿ ಹುಲ್ಲು ಹಾಸಿಕೊಂಡು ಒಂದು ಹೇಂಟೆ ಕಾವು ಕೂತಿತ್ತು. "ಗಾಡಿ ಕೊಡಣ, ಅದಕ್ಕೇನಂತೆ," ಎಂದರು ಮನೆಯವರು, "ಆದ್ರೆ ಮರಿ ಆಗೋ ತನಕ ತಡೀಬೇಕು." ಹೇಂಟೆ ನನ್ನನ್ನು ನೋಡಿದ ರೀತಿ ನೋಡಿದರೆ, ಮರಿ ಆದ ಮೇಲೂ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ. ವಾಪಸು ಬಂದೆ.

ಕೊನೆಗೆ ಸಿಕ್ಕಿದ್ದು ಹೊಸನಗರದಲ್ಲಿ, ಭಾಗೀರಥಮ್ಮ ಎಂಬವರ ಮನೆಯಲ್ಲಿ. ಅರವತ್ತೆರಡು ವರ್ಷದ, ನನ್ನ ಭುಜದಷ್ಟೆತ್ತರದ ಹೆಂಗಸು. ಅವರು ಮನೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಎಳೆದರು. ಗುಂಡಗಿನ ಟ್ಯಾಂಕು, ಎರಡೂ ಬದಿಗೆ ಉದ್ದನೆಯ ಸೈಲೆನ್ಸರು, ಹಿಂದೆ ಕ್ಯಾರಿಯರಿಗೆ ಬೆಸೆದ ಒಂದು ತಗಡಿನ ಪೆಟ್ಟಿಗೆ. ಎಲ್ಲಿಯೂ ತುಕ್ಕಿಲ್ಲ.

"ನಿಮ್ಮ ಯಜಮಾನ್ರು ಬಹಳ ಚೆನ್ನಾಗಿ ಇಟ್ಕೊಂಡಿದ್ರು ಅನ್ಸತ್ತೆ," ಎಂದೆ.

"ಯಜಮಾನ್ರಾ?" ಅವರು ನಕ್ಕರು. "ಅವ್ರಿಗೆ ಸೈಕಲ್ ಹೊಡಿಯಕ್ಕೂ ಬರ್ತಿರ್ಲಿಲ್ಲ. ಹಿಂದೆ ಕೂತ್ರೆ ಕಣ್ಣು ಮುಚ್ಕೊಂಡು ದೇವ್ರ ಹೆಸ್ರು ಹೇಳೋರು. ಇದು ನನ್ನ ಡ್ಯೂಟಿ ಗಾಡಿ ಮಾರಾಯ್ರೆ. ನಾನು ನರ್ಸು."

ಅವರ ತಮ್ಮ ಮಿಲಿಟರಿ ಸೇರುವಾಗ ಬಿಟ್ಟುಹೋದ ಗಾಡಿಯಂತೆ. ಕೊಯ್ಲಾದ ಗದ್ದೆಯಲ್ಲಿ ತಾವೇ ಬಿದ್ದು ಎದ್ದು ಕಲಿತರಂತೆ. ತಮ್ಮನ ಪ್ಯಾಂಟು ತೊಟ್ಟು ಅದರ ಮೇಲೆ ಬಿಳಿ ಸೀರೆ ಎತ್ತಿ ಕಟ್ಟುತ್ತಿದ್ದರಂತೆ.

"ಜನ ಏನೂ ಅನ್ಲಿಲ್ವಾ?"

"ಅಂದ್ರು. ಆದ್ರೆ ಅಂದೋರ ಮನೆ ಬಾಣಂತಿ ನೋಡಕ್ಕೂ ನಾನೇ ಹೋಗ್ಬೇಕಿತ್ತಲ್ಲ, ಸುಮ್ಮನಾದ್ರು."

ಅವರು ಇನ್ನೂ ಏನೇನೋ ಹೇಳಿದರು. ನನಗೆ ಇವತ್ತಿಗೂ ನಾಚಿಕೆಯಾಗುವುದು ಇಲ್ಲಿಯೇ. ನಾನು ಹೂಂಗುಟ್ಟುತ್ತ ಮನಸ್ಸಿನಲ್ಲೇ ಹ್ಯಾಂಡಲ್ ಬದಲಿಸುತ್ತಿದ್ದೆ. ತರಗತಿಯಲ್ಲಿ ನನ್ನ ಪಾಠ ಕೇಳುವ ಹುಡುಗರ ಮುಖ ಹೇಗಿರುತ್ತದೋ ಅಂದು ನನ್ನ ಮುಖವೂ ಹಾಗೇ ಇದ್ದಿರಬೇಕು. ಹೊರಡುವಾಗ ಅವರು ಟ್ಯಾಂಕಿನ ಮೇಲೊಮ್ಮೆ ಕೈಯಾಡಿಸಿ, "ಗುಜರಿಗೆ ಮಾತ್ರ ಹಾಕ್ಬೇಡಿ," ಎಂದರು. ಆ ಮಾತು ಕೇಳಿಸಿತ್ತು.

ಗಾಡಿ ಸಾಗರಕ್ಕೆ ಬಂತು. ಮಂಜಣ್ಣನ ಗ್ಯಾರೇಜಿನಲ್ಲಿ ನಾಲ್ಕು ತಿಂಗಳು ಅದರ ವೇಷ ಕಟ್ಟಿದೆವು. ಮಂಜಣ್ಣ ಒಳ್ಳೆಯ ಮೆಕ್ಯಾನಿಕ್; ಅವನ ದೌರ್ಬಲ್ಯ ಒಂದೇ, ಗಿರಾಕಿ ಹೇಳಿದ್ದನ್ನು ಮಾಡಿಬಿಡುತ್ತಾನೆ. ವೀಡಿಯೋದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಹ್ಯಾಂಡಲ್ ಎಷ್ಟು ಎತ್ತರವಾಯಿತೆಂದರೆ ಹಿಡಿದು ಕೂತರೆ ಕಿಟಕಿಯ ಸರಳಿಗೆ ಜೋತುಬಿದ್ದ ಹಾಗೆ. ಹಿಂದಿನ ಮಡ್‌ಗಾರ್ಡ್ ಅರ್ಧಕ್ಕೆ ಕತ್ತರಿಸಿದೆವು. ಸೀಟು ಒಬ್ಬನೇ ಕೂರುವ ಸೀಟು. ಕಪ್ಪು ಟ್ಯಾಂಕಿನ ಮೇಲೆ ಬೆಂಕಿಯ ಜ್ವಾಲೆ, ಜ್ವಾಲೆಯ ನಡುವೆ ಹದ್ದು. ಪೇಂಟರು ಹದ್ದನ್ನು ಯಾವತ್ತೂ ಹತ್ತಿರದಿಂದ ನೋಡಿರಲಿಲ್ಲವೆಂದು ಕಾಣುತ್ತದೆ, ಅದು ಸಿಟ್ಟಾದ ಗಿಳಿಯಂತಿತ್ತು. ಸೈಲೆನ್ಸರಿನ ಒಳಗಿನ ಕೊಳವೆ ಕಿತ್ತು ಸದ್ದನ್ನೂ ಬದಲಿಸಿದೆವು.

"ಮೇಷ್ಟ್ರೇ, ಈ ಪೆಟ್ಟಿಗೆ ಎಂತ ಮಾಡದು?" ಎಂದು ಮಂಜಣ್ಣ ಕೇಳಿದ.

"ಬಿಸಾಕು," ಎಂದೆ.

ಗಾಡಿ ಅಂಗಳಕ್ಕೆ ಬಂದ ದಿನ ಸುಮಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಯಕ್ಷಗಾನದ ಬಣ್ಣದ ವೇಷ ಇದ್ದಂಗಿದೆ. ಚೆಂಡೆ ಒಂದು ಬಾಕಿ," ಎಂದಳು. ಒದ್ದು ಸ್ಟಾರ್ಟ್ ಮಾಡಿದೆ. "ಚೆಂಡೆನೂ ಆಯ್ತು," ಎಂದು ಒಳಗೆ ಹೋದಳು. ತಾನು ಕೂರಲು ಜಾಗವೆಲ್ಲಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹೆಂಡತಿ ಮೆಚ್ಚದಿದ್ದರೆ ಹೋಗಲಿ, ಗಾಡಿಯ ಬೆಲೆ ತಿಳಿದವರಿಗೆ ತೋರಿಸೋಣವೆಂದು ಮುಂದಿನ ಭಾನುವಾರ ಹೊಸನಗರಕ್ಕೆ ಹೊರಟೆ. ಬೇಸಿಗೆಯ ಹನ್ನೊಂದು ಗಂಟೆ, ಮೈಮೇಲೆ ಕರಿ ಜಾಕೆಟ್ಟು. ತಲುಪುವಾಗ ನಾನು ಬೆಂದ ಆಲೂಗಡ್ಡೆಯಾಗಿದ್ದೆ. ಗೇಟಿನ ಬಳಿ ಮಲಗಿದ್ದ ನಾಯಿ ಬೊಗಳುವುದನ್ನೂ ಮರೆತು ಓಡಿತು. ಭಾಗೀರಥಮ್ಮ ಹೊರಗೆ ಬಂದು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇಷ್ಟು ಸದ್ದು ಮಾಡ್ಕೊಂಡು ಬಂದಿದ್ರೆ ನನ್ನ ಕೈಗೆ ಒಂದು ಮಗುನೂ ಸಿಕ್ತಿರ್ಲಿಲ್ಲ ಮಾರಾಯ್ರೆ."

ಏನು ಹಾಗೆಂದರೆ ಎಂದೆ. ಅವರ ಗಾಡಿಯ ಸದ್ದು ಕೇಳಿದರೆ ಸಾಕು, ಇಂಜೆಕ್ಷನ್ನಿಗೆ ಹೆದರಿ ಊರ ಮಕ್ಕಳೆಲ್ಲ ಕಾಡು ಸೇರುತ್ತಿದ್ದವಂತೆ. ಅದಕ್ಕೇ ಊರಿನ ಮೇಲಿನ ಏರಿನಲ್ಲೇ ಎಂಜಿನ್ ಆಫ್ ಮಾಡಿ, ಇಳಿಜಾರಿನಲ್ಲಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯುತ್ತಿದ್ದರಂತೆ.

ನನ್ನ ಬೆವರು ತಟ್ಟನೆ ತಣ್ಣಗಾಯಿತು. ಏಳು ವರ್ಷದವನಿದ್ದಾಗ ನಾನು ಹೊಸನಗರದ ಆಚೆ, ನಗರ ಎಂಬ ಊರಿನ ಹತ್ತಿರ ಅಜ್ಜನ ಮನೆಯಲ್ಲಿದ್ದೆ. ಅಲ್ಲಿಗೊಬ್ಬ ನರ್ಸಮ್ಮ ಬರುತ್ತಿದ್ದರು. ಗಾಡಿಯ ಸದ್ದು ಕೇಳಿದರೇ ಓಡುತ್ತಿದ್ದ ನಾನು ಗಾಡಿಯನ್ನು ನೋಡಿದ್ದೇ ಇಲ್ಲ. ಒಂದು ದಿನ ಸದ್ದೇ ಇಲ್ಲದೆ ಅಂಗಳದಲ್ಲಿ ಪ್ರತ್ಯಕ್ಷವಾಗಿದ್ದರು. ನಾನು ಹಲಸಿನ ಮರ ಹತ್ತಿದ್ದೆ. ನನ್ನ ನೆನಪಿನ ನರ್ಸಮ್ಮ ಆರಡಿ ಎತ್ತರ; ಇವರು ಅವರೇ ಎಂದು ನನಗೆ ಹೊಳೆದೇ ಇರಲಿಲ್ಲ. ಊರಿನ ಹೆಸರು ಹೇಳಿದೆ. ಅಜ್ಜನ ಹೆಸರು ಹೇಳಿದೆ. ಹಲಸಿನ ಮರ ಎಂದೆ.

ಅವರು ಕನ್ನಡಕ ಮೇಲೆತ್ತಿ ನನ್ನನ್ನು ದಿಟ್ಟಿಸಿದರು. "ನೀನಾ? ಇಳಿ ಅಂದ್ರೆ ನನ್ನ ತಲೆ ಮೇಲೆ ಉಚ್ಚೆ ಹೊಯ್ದವನು?"

ಅದೊಂದು ನನಗೆ ಮರೆತಿತ್ತು. ಅನನುಕೂಲವಾದ್ದನ್ನು ಮರೆಯುವುದರಲ್ಲಿ ನಾನು ಯಾವಾಗಲೂ ಮುಂದು. ಅವರು ಸೀರೆ ಕಚ್ಚೆ ಕಟ್ಟಿ ಮರ ಹತ್ತಿ ಬಂದು, ಕೊಂಬೆ ಅಪ್ಪಿಕೊಂಡಿದ್ದ ನನ್ನ ತೊಡೆಗೆ ಅಲ್ಲೇ ಚುಚ್ಚಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಇಬ್ಬರೂ ನಕ್ಕೆವು. ನನಗೆ ಸಿಗುತ್ತಿದ್ದ 'ನೀವು' ಅಂದಿಗೆ ಮುಗಿಯಿತು.

"ಅಲ್ಲಮ್ಮ, ಒಂದು ಮಗು ತಪ್ಪಿಸ್ಕೊಂಡ್ರೆ ಏನಾಗ್ತಿತ್ತು? ಮುಂದಿನ ತಿಂಗಳು ಚುಚ್ಚಿದ್ರೆ ಆಗ್ತಿರ್ಲಿಲ್ವಾ?" ಎಂದು ತಮಾಷೆಗೆ ಕೇಳಿದೆ.

ಅವರ ನಗು ನಿಂತಿತು. "ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದರು. "ಮೊದಲ ವರ್ಷ ಒಂದು ಮನೆಗೆ ಹೋದೆ. ಗಾಡಿ ಸದ್ದಿಗೆ ಹುಡುಗಿ ಎಲ್ಲೋ ಅಡಗಿ ಕೂತಿತ್ತು, ನಾಲ್ಕು ವರ್ಷದ್ದು. ಹುಡುಕ್ತಾ ನಿಂತ್ರೆ ಪೆಟ್ಟಿಗೆಯಲ್ಲಿ ಐಸ್ ಕರಗತ್ತೆ, ಔಷಧಿ ಹಾಳಾಗತ್ತೆ, ಮುಂದಿನ ಊರಿಗೆ ಇಲ್ಲ. ಬರೋ ತಿಂಗಳು ನೋಡಣ ಅಂತ ಹೊರಟೆ. ಅಷ್ಟರಲ್ಲಿ ನಾಯಿಕೆಮ್ಮು ಬಂತು. ನಾನು ಹೋಗೋವಾಗ ಅದು ಇರ್ಲಿಲ್ಲ." ಕನ್ನಡಕ ಸರಿಮಾಡಿಕೊಂಡು ಸೇರಿಸಿದರು, "ಎಂಜಿನ್ ಆಫ್ ಮಾಡಕ್ಕೆ ಶುರು ಮಾಡಿದ್ದು ಅದ್ರ ಮೇಲೆ."

ಆಮೇಲೆ ಗಾಡಿಯ ಹಿಂಭಾಗ ನೋಡಿ ಕೇಳಿದರು: "ಪೆಟ್ಟಿಗೆ ಎಲ್ಲಿ?"

ನಾನು ಗಿಳಿಯಂತಿದ್ದ ಹದ್ದನ್ನು ನೋಡುತ್ತ ನಿಂತೆ. ಹದಿನೆಂಟು ವರ್ಷ ಇವರು ಲಸಿಕೆ ಹೊತ್ತು ಐಸಿನ ಜತೆ ಪಂದ್ಯ ಕಟ್ಟಿ ಓಡಿದ ಪೆಟ್ಟಿಗೆಯನ್ನು ನಾನು ಒಂದೇ ಮಾತಿನಲ್ಲಿ ಬಿಸಾಕಿಸಿದ್ದೆ. ವರ್ಷಾ ವರ್ಷ ಲಸಿಕೆಯ ಪಾಠ ಮಾಡಿ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಕೊಡುವವನು ನಾನೇ. ತೆಗೆಸಿದೆ ಎಂದೆ.

"ಹೋಗ್ಲಿ ಬಿಡು, ಹಳೇದು," ಎಂದು ಒಳಗೆ ಹೋದರು. ತಂದುಕೊಟ್ಟ ಕಾಫಿಗೆ ಸಕ್ಕರೆ ಇರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ, ಪೂರ್ತಿ ಕುಡಿದೆ.

ಸಾಗರಕ್ಕೆ ಬಂದವನೇ ಗ್ಯಾರೇಜಿಗೆ ಓಡಿದೆ. ಗುಜರಿಯ ಲಾರಿ ಹೋಗಿ ತಿಂಗಳಾಗಿತ್ತು. ಮಂಜಣ್ಣನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಶಿವಮೊಗ್ಗದ ಗುಜರಿ ಅಂಗಡಿಗಳನ್ನೂ ಸುತ್ತಿದೆ. ಸಿಗಲಿಲ್ಲ. ಅದು ಸಿಗಲೇ ಇಲ್ಲ, ಕಥೆಗಳಲ್ಲಾದರೆ ಸಿಗುತ್ತಿತ್ತು.

"ಹಾಗಾದ್ರೆ ಎಲ್ಲಾ ಬಿಚ್ಚದಾ ಮೇಷ್ಟ್ರೇ?" ಎಂದ ಮಂಜಣ್ಣ. ಬಿಚ್ಚು ಎಂದೆ. ಹ್ಯಾಂಡಲ್ ಕೆಳಗಿಳಿಯಿತು, ಸೀಟು ಉದ್ದವಾಯಿತು, ಸದ್ದು ಸಭ್ಯವಾಯಿತು. ಹಳೆಯ ಬಣ್ಣ ಹೊಂದಿಸಲು ಒಂದು ವಾರ ಹಿಡಿಯಿತು.

ಎರಡನೆಯ ಸಲ ಹೋದಾಗ ಭಾಗೀರಥಮ್ಮ ನಗಲಿಲ್ಲ. ಕೀ ಕೊಡು ಎಂದು ಕೈ ಚಾಚಿದರು. ಸೀರೆ ಎತ್ತಿ ಕಟ್ಟಿ, ನನ್ನ ಹೆಲ್ಮೆಟ್ಟು ಹಾಕಿಕೊಂಡು, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿ ಹೊರಟುಬಿಟ್ಟರು. ಇಲ್ಲೇ ಒಂದು ಸುತ್ತು ಎಂದುಕೊಂಡೆ. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ನಾನು ರಸ್ತೆಯಲ್ಲಿ ನಿಂತು, ಬಂದ ಪ್ರತಿ ಬಸ್ಸಿನವರನ್ನೂ "ಬೈಕಿನಲ್ಲಿ ಒಬ್ಬರು ಅಜ್ಜಿ ಸಿಕ್ಕಿದ್ರಾ?" ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ಹೇಳುವುದು ಬೇಡ. ಒಂದೂವರೆ ಗಂಟೆ ಕಳೆದ ಮೇಲೆ ಬಂದರು, ಮುಖವೆಲ್ಲ ಧೂಳು.

"ರಿಪ್ಪನ್‌ಪೇಟೆಗೆ ಹೋಗಿದ್ದೆ. ಕ್ಲಚ್ ಸ್ವಲ್ಪ ಬಿಗಿ ಇದೆ, ನೋಡ್ಸು."

ಅಂದಿನಿಂದ ಗಾಡಿಯ ಪುಸ್ತಕದಲ್ಲಿ ನನ್ನ ಹೆಸರಿದೆ, ಗಾಡಿ ಮಾತ್ರ ಹೆಚ್ಚಾಗಿ ಹೊಸನಗರದಲ್ಲಿರುತ್ತದೆ. ಈಗ ಅವರಿಗೆ ಅರವತ್ತೆಂಟು. ಮಂಡಿ ನೋವು, ಒದೆಯಲು ಆಗುವುದಿಲ್ಲ. ಹಾಗಾಗಿ ಕೆಲವು ಭಾನುವಾರ ನಾನು ಬಸ್ಸಿನಲ್ಲಿ ಹೋಗಿ ಅವರನ್ನು ಹಿಂದೆ ಕೂರಿಸಿಕೊಂಡು ಹೊರಡುತ್ತೇನೆ. ಗೇರ್ ಬದಲಿಸುವುದು ತಡವಾದರೆ ಬೆನ್ನಿಗೆ ಗೆಣ್ಣಿನಿಂದ ಕುಟ್ಟುತ್ತಾರೆ. ಮೊದಲೆಲ್ಲ ನಾನು ಮುಂದೆ ನೋಡಿಕೊಂಡು ಮಾತಾಡುತ್ತಿದ್ದೆ. ಈಗ ಅವರು ಮಾತಾಡುತ್ತಾರೆ, ನಾನು ಕೇಳುತ್ತೇನೆ. ಪ್ರತಿ ತಿರುವಿನಲ್ಲೂ ಅವರಿಗೊಂದು ಹೆರಿಗೆ ನೆನಪಾಗುತ್ತದೆ.

ಕಳೆದ ಭಾನುವಾರ ತೀರ್ಥಹಳ್ಳಿ ರಸ್ತೆಯ ಒಂದು ಹೋಟೆಲಿನ ಮುಂದೆ ಚಹಾಕ್ಕೆ ನಿಂತಿದ್ದೆವು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಸ್ಸು ಬಿಟ್ಟು ಓಡಿಬಂದರು. "ನರ್ಸಮ್ಮಾ! ಗುರ್ತು ಸಿಕ್ತಾ? ಗಾಡಿ ನೋಡೇ ಗೊತ್ತಾಯ್ತು ನಂಗೆ!" ಎಂದು ಅವರ ಎರಡೂ ಕೈ ಹಿಡಿದುಕೊಂಡರು. ತಮ್ಮ ಮೂವರೂ ಮಕ್ಕಳ ಸುದ್ದಿ, ಮೊಮ್ಮಗಳ ಸುದ್ದಿ ಎಲ್ಲ ಹೇಳಿದ ಮೇಲೆ, ಹೆಲ್ಮೆಟ್ಟು ಹಿಡಿದು ನಿಂತಿದ್ದ ನನ್ನ ಕಡೆ ಕಣ್ಣು ಹೊರಳಿಸಿ ಕೇಳಿದರು:

"ಇವ್ರು ಯಾರು ನರ್ಸಮ್ಮ, ಮಗನಾ?"

ಭಾಗೀರಥಮ್ಮ ಚಹಾದ ಲೋಟ ಕೆಳಗಿಟ್ಟು ನನ್ನನ್ನೊಮ್ಮೆ ಅಳೆದು ನೋಡಿದರು.

"ಅಲ್ಲ," ಎಂದರು. "ಡ್ರೈವರ್. ಇನ್ನೂ ಕಲೀತಿದಾನೆ."

ನಾನು ಹೌದೆಂದು ತಲೆಯಾಡಿಸಿ, ಗಾಡಿ ಒದೆಯಲು ಹೋದೆ.