ಬೀಗ ಹಾಕಿದ ಹನ್ನೆರಡು ಪುಸ್ತಕ

ನನ್ನ ಅಂಗನವಾಡಿಗೆ ಹನ್ನೆರಡು ಚಿತ್ರದ ಪುಸ್ತಕ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಪಕ್ಕದ ಹಳ್ಳಿ ನಮ್ಮದು. ಕೂಡ್ಲಿಗಿಯ ಆಫೀಸಿಗೆ ಹೋಗಿ, ಸಹಿ ಮಾಡಿ, ಸೆರಗಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ತಂದೆ. ದಪ್ಪ ಹಾಳೆ, ಪುಟಕ್ಕೊಂದು ಬಣ್ಣದ ಚಿತ್ರ, ಕೆಳಗೆ ದೊಡ್ಡ ಅಕ್ಷರ. ಮೂರು ವರ್ಷದ ಮಗುವೂ ತಾನೇ ಪುಟ ತಿರುವಲಿ ಎಂದೇ ಮಾಡಿದ ಪುಸ್ತಕ. ಅಷ್ಟು ಚೆಂದದ ಪುಸ್ತಕವನ್ನು ನಾನು ಚಿಕ್ಕವಳಿದ್ದಾಗ ಕಂಡಿರಲಿಲ್ಲ. ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ನಗಬೇಡಿ. ಆಗ ನನಗೆ ಗೊತ್ತಿದ್ದ ಟೀಚರುಗಳೆಲ್ಲ ಮಾಡುತ್ತಿದ್ದುದು ಅದನ್ನೇ. "ಹರಿದ್ರ ನೀನ ಉತ್ರ ಕೊಡಬೇಕು ನೋಡವಾ" ಎಂದು ಸೂಪರ್‌ವೈಸರ್ ಮೇಡಂ ಪುಸ್ತಕ ಕೈಗಿಡುವಾಗಲೇ ಹೇಳಿದ್ದರು. ವರ್ಷದಲ್ಲಿ ಟ್ರಂಕು ತೆರೆಯುತ್ತಿದ್ದುದು ಎರಡೇ ಸಲ. ಮಹಾನವಮಿಗೆ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಮಕ್ಕಳ ಕೈಯಿಂದ ನಮಸ್ಕಾರ ಮಾಡಿಸುತ್ತಿದ್ದೆ. ಇನ್ನೊಂದು, ಮೇಡಂ ತಪಾಸಣೆಗೆ ಬಂದ ದಿನ. ಅವತ್ತು ಹನ್ನೆರಡು ಮಕ್ಕಳ ತೊಡೆಯ ಮೇಲೆ ಹನ್ನೆರಡು ಪುಸ್ತಕ. ಅವರು ಬಸ್ಸು ಹತ್ತಿದ ಕೂಡಲೇ ಎಲ್ಲ ವಾಪಸ್ ಒಳಗೆ. ಉಳಿದ ದಿನ ಮಕ್ಕಳು ಸುಣ್ಣದ ಗೋಡೆ ನೋಡುತ್ತ "ಅ ಅರಸ, ಆ ಆನೆ" ಎಂದು ಗಂಟಲು ಹರಿಯುವಂತೆ ಒದರುತ್ತಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನೇ.

ಆ ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಳು, ನಾಲ್ಕು ವರ್ಷದವಳು. ಅವಳ ಅವ್ವ ಶೇಂಗಾ ಬಿಡಿಸುವ ಕೂಲಿಗೆ ಹೋಗುವಾಗ ನನ್ನ ಹೊಸ್ತಿಲಲ್ಲಿ ಬಿಟ್ಟು ಹೋಗುತ್ತಿದ್ದಳು. ಮಹಾನವಮಿಯ ದಿನ ಮೇಲಿನ ಪುಸ್ತಕದ ರಟ್ಟಿನಲ್ಲಿದ್ದ ಆಡಿನ ಚಿತ್ರ ನೋಡಿದ್ದೇ ತಡ, ಹುಡುಗಿಗೆ ಹುಚ್ಚು ಹಿಡಿಯಿತು. ಬೇರೆ ಮಕ್ಕಳು ಉಪ್ಪಿಟ್ಟಿನ ಪಾತ್ರೆಗೆ ಮುಖಮಾಡಿ ಕೂತರೆ ಇವಳು ಟ್ರಂಕಿಗೆ ಆತುಕೊಂಡು ಕೂರುವಳು. ಇದ್ದಿಲು ಹಿಡಿದು ನೆಲದ ಮೇಲೆ ನಾಲ್ಕು ಕಾಲು, ಎರಡು ಕೊಂಬು ಎಳೆದು, ಅದರ ಕೆಳಗೆ ಸೊಟ್ಟಸೊಟ್ಟ ಗೀಚುವಳು. ಚಿತ್ರದ ಕೆಳಗೆ ಮಾತು ಇರುತ್ತದೆ ಎಂಬುದನ್ನು ಒಂದೇ ನೋಟದಲ್ಲಿ ಹಿಡಿದಿದ್ದಳು.

"ಟೀಚರಮ್ಮ, ಇಲ್ಲಿ ಏನ್ ಬರದೈತಿ, ಓದ್ರಿ" ಎಂದು ನನ್ನ ಸೆರಗು ಜಗ್ಗುವಳು.

ಎಳೆ ಮಗು ಓದಿಗೆ ಕಾಲಿಡುವುದೇ ಹೀಗೆ, ಆಗ ಆ ಗೀಚಿದ್ದನ್ನು ಗೌರವದಿಂದ ಓದಬೇಕು ಎಂದು ಆಮೇಲಿನ ತರಬೇತಿಗಳಲ್ಲಿ ಹೇಳಿಕೊಟ್ಟರು. ಅವತ್ತು ನಾನು ಆಯಾಗೆ ನೆಲ ಒರೆಸಲು ಹೇಳಿದೆ.

ಒಂದು ಸಂಜೆ ಅವಳ ಅವ್ವ ಬಾಗಿಲಲ್ಲಿ ನಿಂತಳು. "ಮನ್ಯಾಗ ಆ ಪುಸ್ತಕ ಬೇಕಂತ ಅಳತಾಳ್ರಿ. ಒಂದು ರಾತ್ರಿಗೆ ಕೊಡ್ರಿ, ಮುಂಜಾನಿ ತಂದು ಕೊಡ್ತೀನಿ."

"ಪುಸ್ತಕ ಅಂದ್ರ ಏನು ಸಂತ್ಯಾಗಿನ ಬೆಂಡು ಬತ್ತಾಸ ಏನವಾ? ಸರ್ಕಾರದ್ದು ಅದು" ಎಂದೆ. ಅವಳು ಮಗಳನ್ನು ಎತ್ತಿಕೊಂಡು ಹೋದಳು. ಮೇಲ್ಜಾತಿಯವರಿದ್ದ ಮಠದ ಓಣಿಯ ಒಬ್ಬ ತಾಯಿ ಕೇಳಿದ್ದರೆ ಹಾಗೆ ಅನ್ನುತ್ತಿದ್ದೆನೇ? ಅನ್ನುತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ಸುಳ್ಳು ಹೇಳಿ ಏನಾಗಬೇಕಿದೆ.

ತಪಾಸಣೆಯ ದಿನ ಆಡಿನ ಪುಸ್ತಕ ಅವಳ ತೊಡೆಗೇ ಬಂತು. ಮಕ್ಕಳೆಲ್ಲ ಗಿಣಿಪಾಠ ಒಪ್ಪಿಸಿದರು. ಇವಳಿಗೆ ಯಾವ ಅರಸನೂ ಬೇಡ, ಆನೆಯೂ ಬೇಡ. ಪುಟದ ಮೇಲೆ ಬೆರಳಿಟ್ಟು ಆಡಿನ ಜೊತೆ ಪಿಸುಪಿಸು ಮಾತಾಡುತ್ತಿದ್ದಳು. ಮೇಡಂ ಹೋದ ಮೇಲೆ ಪುಸ್ತಕ ಕೇಳಿದೆ, ಕೊಡಲಿಲ್ಲ. ಎದೆಗವಚಿಕೊಂಡಳು. ನಾನು ಜಗ್ಗಿದೆ. ಪರ್ ಎಂದಿತು. ಪುಟದ ಮೂಲೆ ಅವಳ ಮುಷ್ಟಿಯಲ್ಲಿ ಉಳಿಯಿತು.

ಆ ಕೈಗೇ ಹೊಡೆದೆ. ಅಡಿಪಟ್ಟಿಯಿಂದ, ಎರಡು ಏಟು. ಹರಿದದ್ದು ನಾನು ಜಗ್ಗಿದ್ದಕ್ಕೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೊಡೆದೆ. "ಇನ್ನೊಮ್ಮೆ ಪುಸ್ತಕ ಮುಟ್ಟೀಯಾ? ಕೈ ಕಟ್ಟು! ಪುಸ್ತಕ ಕಂಡ್ರ ಕೈ ಕಟ್ಟಬೇಕು!" ಹುಡುಗಿ ಅಳಲಿಲ್ಲ. ಎದೆಯ ಮೇಲೆ ಎರಡೂ ಕೈ ಕಟ್ಟಿ, ಊಟದ ಹೊತ್ತಿನವರೆಗೆ ಹಾಗೇ ಕೂತಳು. ನಾನು ಅಂಟು ಹಚ್ಚಿ ಮೂಲೆ ಕೂಡಿಸಿದೆ. ಇದ್ದಿಲಿನ ಚಿತ್ರ ಅವತ್ತಿಗೇ ನಿಂತುಹೋಯಿತು, ಆಯಾಗೆ ಕೆಲಸ ಕಡಿಮೆಯಾಯಿತು.

ಮುಂದಿನ ವರ್ಷ ಕೂಡ್ಲಿಗಿಯ ಮೀಟಿಂಗಿನಲ್ಲಿ, ಸಾಮಾನು ಚೆನ್ನಾಗಿ ಕಾಪಾಡಿದ ಟೀಚರ್ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಒಂದು ಸ್ಟೀಲಿನ ಡಬ್ಬಿ ಕೊಟ್ಟರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮೇಡಂ ಭಾಷಣ ಮಾಡಿದರು. ಆ ಡಬ್ಬಿಯಲ್ಲಿ ಇಂದಿಗೂ ಸಕ್ಕರೆ ಹಾಕಿಡುತ್ತೇನೆ.

ಹುಡುಗಿ ಒಂದನೇ ಇಯತ್ತೆಗೆ ಸೇರಿದಳು. ಒಂದು ದಿನ ಶಾಲೆಯ ಮೇಷ್ಟ್ರು ದಾರಿಯಲ್ಲಿ ಸಿಕ್ಕಿ, "ಏನ್ರಿ ಟೀಚರ್, ಆ ಹುಡುಗಿ ಪುಸ್ತಕ ಕೊಟ್ರ ಸಾಕು, ಕೈ ಕಟ್ಟಿ ಕುಂತು ಬಿಡ್ತಾಳ. ದಡ್ಡಿ ಅದಾಳೇನು?" ಎಂದು ಕೇಳಿದರು. "ಇರಬೇಕ್ರಿ" ಎಂದೆ. ಈ ಒಂದು ಮಾತಿಗೆ ನನ್ನ ನಾಲಿಗೆ ಸೇದಿ ಹೋಗಬೇಕಿತ್ತು. ನಾಲ್ಕನೆಯದಕ್ಕೆ ಅವಳು ಶಾಲೆ ಬಿಟ್ಟು ಅವ್ವನ ಜೊತೆ ಕೂಲಿಗೆ ಹೊರಟಳು. ಎರಡು ಏಟಿಗೆ ಯಾರೂ ಶಾಲೆ ಬಿಡುವುದಿಲ್ಲ, ಮನೆಯ ಕಷ್ಟಕ್ಕೆ ಬಿಟ್ಟಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲವು ವರ್ಷ ನಂಬಿದೆ ಕೂಡ.

ಎರಡು ಸಾವಿರದ ಇಸವಿ ದಾಟಿ ಎಂಟೊಂಬತ್ತು ವರ್ಷವಾದ ಮೇಲೆ ಗಾಳಿ ತಿರುಗಿತು. ಪುಸ್ತಕ ಮಕ್ಕಳ ಕೈಯಲ್ಲೇ ಇರಬೇಕು, ಹರಿದರೆ ಹರಿಯಲಿ ಎಂದು ಬೇರೊಬ್ಬ ಮೇಡಂ ಬಂದು ಹೇಳಿದರು. ಹತ್ತಾರು ವರ್ಷ ಯಾರಿಗಾಗಿ ಕಾಯ್ದಿಟ್ಟೆನೋ! ಬೀಗ ತೆಗೆದೆ. ಆ ಒಂದು ಮೂಲೆ ಬಿಟ್ಟರೆ ಹನ್ನೆರಡೂ ಹೊಸದರಂತೆಯೇ ಇದ್ದವು.

ಅದೇ ವಾರ ಆ ಹುಡುಗಿ ಬಂದಳು. ಮದುವೆಯಾಗಿ ಹಗರಿಬೊಮ್ಮನಹಳ್ಳಿ ಕಡೆಗೆ ಹೋಗಿದ್ದವಳು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮೂರು ವರ್ಷದ ದೊಡ್ಡ ಮಗಳನ್ನು ಅಂಗನವಾಡಿಗೆ ಬಿಡಲು ಕರೆತಂದಿದ್ದಳು. ಮೂಲೆಗೆ ಅಂಟು ಹಚ್ಚಿದ ಆಡಿನ ಪುಸ್ತಕವನ್ನೇ ಹುಡುಕಿ ತೆಗೆದು ಕೂಸಿನ ಮುಂದೆ ಹಿಡಿದೆ. ಕೂಸು ಕಣ್ಣರಳಿಸಿ ಕೈ ಚಾಚಿತು.

"ಏ, ಕೈ ಕಟ್ಟು!" ಎಂದಳು ತಾಯಿ.

"ಇರಲಿ ಬಿಡವಾ, ಮುಟ್ಟಲಿ. ಹರಿದ್ರ ಹರೀಲಿ" ಎಂದೆ. ನನ್ನ ದನಿ ನನಗೇ ಭಿಕ್ಷೆ ಬೇಡಿದಂತೆ ಕೇಳಿಸಿತು.

"ಇಲ್ರೀ ಟೀಚರಮ್ಮ, ನಮ್ಮಾಕಿ ಹಂಗ ಪುಸ್ತಕ ಮುಟ್ಟಂಗಿಲ್ರಿ. ಮನ್ಯಾಗ ನಾನ ಕಲಿಸೀನಿ" ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಮೆಚ್ಚಿಕೊಳ್ಳುತ್ತೇನೆಂದು ಕಾಯುತ್ತ ನಿಂತಿದ್ದಳು.

ಕೂಸು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಎದೆಯ ಮೇಲೆ ಕಟ್ಟಿಕೊಂಡಿತು.