ತೊಳೆದ ಗಾಜು

ಐವತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಟಿಕೆಟ್ ಕುಸ್ತಿ ಎಂದರೆ ಸುತ್ತ ತಗಡಿನ ಬೇಲಿ, ಅದಕ್ಕೊಂದು ಬಾಗಿಲು, ಬಾಗಿಲಲ್ಲಿ ಕಂತ್ರಾಟುದಾರನ ಆಳುಗಳು. ಒಳಗೆ ಕ್ಯಾಮೆರಾ ಒಯ್ಯುವಂತಿರಲಿಲ್ಲ. ಫೋಟೋ ತೆಗೆಯುವ ಹಕ್ಕನ್ನು ಕಂತ್ರಾಟುದಾರ ತನ್ನ ಅಳಿಯನಿಗೆ ಕೊಟ್ಟಿದ್ದ. ಆ ಪುಣ್ಯಾತ್ಮನಿಗೆ ನೆಟ್ಟಗೆ ಫೋಕಸ್ ಮಾಡಲೂ ಬರುತ್ತಿರಲಿಲ್ಲ. ನನ್ನದು ಒಂದು ಕೋಣೆಯ ಸ್ಟುಡಿಯೋ, ಆದರೆ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಎರಡು ಸಲ ಆ ಬಾಗಿಲಿಂದ ವಾಪಸಾಗಿ ಹೊಟ್ಟೆ ಉರಿದುಕೊಂಡಿದ್ದೆ.

ಕೊನೆಗೆ ಒಳಗೆ ಕರೆದೊಯ್ದವನು ಹರಿಹರದ ನನ್ನ ಗೆಳೆಯ. ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು, ಕುಸ್ತಿ ಅವನ ಹುಚ್ಚು. ಅವತ್ತು ಅವನೂ ಅಖಾಡಕ್ಕೆ ಇಳಿಯುವವನಿದ್ದ. ಕುಸ್ತಿಯ ದಿನ ಪೈಲ್ವಾನನ ಲಂಗೋಟಿ ಚೀಲವನ್ನು ಬೇರೆಯವರು ಮುಟ್ಟಬಾರದು, ಮುಟ್ಟಿದರೆ ಸೋಲು ಎಂದು ಎಲ್ಲರೂ ನಂಬಿದ್ದರು.

"ಇದರಾಗ ಇಟ್ಕೊಂತೀನಿ ಅಣ್ಣಾರ. ಯಾವನು ಕೈ ಹಾಕ್ತಾನ ನೋಡಾಣ" ಎಂದು ನನ್ನ ಮಡಚುವ ಕ್ಯಾಮೆರಾವನ್ನು ಚೀಲದ ತಳಕ್ಕೆ ಸೇರಿಸಿದ. ಅದರ ಮೂರು ಕಾಲಿನ ಸ್ಟ್ಯಾಂಡನ್ನು ಜಮಖಾನೆಯಲ್ಲಿ ಸುತ್ತಿ ಹೆಗಲಿಗೇರಿಸಿದ. ಬಾಗಿಲಲ್ಲಿ ಅವನನ್ನು ಯಾರೂ ತಡೆಯಲಿಲ್ಲ.

ಒಳಗೆ ಹೋದದ್ದೇ ತಡ, ಅವಸರಕ್ಕೆ ನಾನೇ ಚೀಲಕ್ಕೆ ಕೈ ಹಾಕಿ ಕ್ಯಾಮೆರಾ ಎಳೆದುಕೊಂಡೆ. ಅವನು ನನ್ನ ಕೈಯನ್ನೇ ಒಂದು ಗಳಿಗೆ ನೋಡಿದ.

"ಅಮ್ಮಗ ಒಂದು ಫೋಟೋ ಬೇಕಂತ. ಈಗ್ಲೇ ತೆಗೀರಿ, ಮುಖ ನೆಟ್ಟಗಿದ್ದಾಗ" ಎಂದು, ಪೈಲ್ವಾನರು ಬಟ್ಟೆ ಬದಲಿಸಲು ಕಟ್ಟಿದ್ದ ಪರದೆಯ ಹಿಂದೆ ಎದೆಯುಬ್ಬಿಸಿ ನಿಂತ. ಉಸಿರು ಬಿಗಿ ಹಿಡಿದು ನಿಂತವನ ರೆಪ್ಪೆ ಕೂಡ ಮಿಟುಕಲಿಲ್ಲ.

ಹತ್ತು ನಿಮಿಷದೊಳಗೆ ಅವನ ಬೆನ್ನು ಮಣ್ಣಿಗೆ ಹತ್ತಿತು. ಜನ ಬೇಲಿ ಹಾರಿ ನುಗ್ಗಿದರು. ಆ ಗಲಾಟೆಯಲ್ಲಿ ಯಾರ ಹಕ್ಕೂ ಉಳಿಯಲಿಲ್ಲ. ಗೆದ್ದವನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾಗ ನಾನೂ ಒಂದು ಪ್ಲೇಟ್ ತೆಗೆದೆ. ನನ್ನ ಗೆಳೆಯ ಆಗ ಎಲ್ಲಿದ್ದ ಎಂದು ತಿರುಗಿ ಕೂಡ ನೋಡಲಿಲ್ಲ.

ಹೊರಗೆ ಸಿಕ್ಕಾಗ ಚೀಲದ ಮಾತು ಅವನು ಎತ್ತಲಿಲ್ಲ. "ನನ್ನ ಫೋಟೋ ತೊಳೆದುಬಿಡ್ರಿ. ನೋಡಾಕ ನಾಚಿಕೆ ಆಗತೈತೆ" ಎಂದಷ್ಟೇ ಹೇಳಿದ.

ನನ್ನ ಹಳೇ ಕ್ಯಾಮೆರಾದಲ್ಲಿ ಆಗಿನ್ನೂ ಫೋಟೋ ಮೂಡುತ್ತಿದ್ದದ್ದು ಗಾಜಿನ ಪ್ಲೇಟಿನ ಮೇಲೆ. ಬೇಡವಾದ ಪ್ಲೇಟನ್ನು ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದರೆ ಚಿತ್ರವೆಲ್ಲ ಹೋಗಿ ಬರೀ ಗಾಜು ಉಳಿಯುತ್ತಿತ್ತು. ಅದನ್ನು ಬೇರೆ ಫೋಟೋದ ಕಟ್ಟಿಗೆ ಮುಂದಿನ ಗಾಜಾಗಿ ಹಾಕುವುದು ನಮ್ಮಂಥ ಸ್ಟುಡಿಯೋಗಳ ರೂಢಿ. ಅವನ ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಎದೆಯ ಮೇಲಿನ ಬೆವರಿನ ಹನಿ ಕೂಡ ಕಾಣುತ್ತಿತ್ತು. ಆದರೂ ತೊಳೆದೆ. ಗೆದ್ದವನ ಫೋಟೋಗೆ ಕಟ್ಟು ಹಾಕಿಸುವ ಹುರುಪಿನಲ್ಲಿದ್ದೆ, ಅಳತೆಯೂ ಸರಿಹೋಯಿತು. ಆ ಗಾಜಿನ ಹಿಂದೆ ಗೆದ್ದವನನ್ನು ಕೂರಿಸಿ ಸ್ಟುಡಿಯೋದ ಗೋಡೆಗೆ ತೂಗುಹಾಕಿದೆ. ನೋಡಿದವರೆಲ್ಲ ಹೊಗಳಿದರು.

ಮುಂದಿನ ಮಳೆಗಾಲಕ್ಕೆ ಅವನಿಗೆ ಕಾಮಾಲೆಯಾಯಿತು. ಅಂಥ ಆಳು ಹದಿನೈದೇ ದಿನದಲ್ಲಿ ಹೋಗಿಬಿಟ್ಟ. ಅವನ ಮಣ್ಣಿಗೆ ಹೋಗಿ ಬಂದ ನಾನು ಎರಡು ದಿನ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ. ಅಷ್ಟು ಅತ್ತರೂ ಆ ಗಾಜಿನ ನೆನಪು ನನಗೆ ಬರಲಿಲ್ಲ.

ನೆನಪಾದದ್ದು ಅವನ ತಾಯಿ ಹರಿಹರದಿಂದ ಬಸ್ಸು ಹಿಡಿದು ಬಂದಾಗ. ನೀರು ಕೊಟ್ಟೆ, ಕುಡಿದು ಸೆರಗಿಂದ ಬಾಯಿ ಒರೆಸಿಕೊಂಡರು.

"ನನ್ನ ಮಗಂದು ಒಂದು ಫೋಟೋ ನಿನ್ ತಾವ ಐತಂತಲ್ಲಪ್ಪಾ. ಮನ್ಯಾಗ ಅವಂದು ಒಂದೂ ಇಲ್ಲ."

ನಾನು ಖಾಲಿ ಲೋಟ ಎತ್ತಿಟ್ಟೆ.

"ಸೋತ ಸಿಟ್ಟಿಗೆ ತೊಳೀರಿ ಅಂದ್ನಂತೆ. ಅಣ್ಣಾರು ಹಂಗ ತೊಳಿಯಾರಲ್ಲಮ್ಮಾ, ಇಟ್ಕೊಂಡಿರ್ತಾರ ಅಂತಿದ್ದ."

ಅವರು ಕೂತಿದ್ದದ್ದು ಗೆದ್ದವನ ಫೋಟೋದ ಎದುರಿಗೇ. ನಾನು ನೆಲ ನೋಡುತ್ತ, "ಚಿತ್ರ ಸರಿಯಾಗಿ ಬರಲಿಲ್ಲಮ್ಮಾ" ಎಂದೆ. ಜೀವನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಇಷ್ಟು ನಾಚಿಕೆ ತಂದದ್ದು ಇನ್ನೊಂದಿಲ್ಲ.

ಅವರು ನನ್ನನ್ನೇ ಸಮಾಧಾನ ಮಾಡುವವರಂತೆ, "ಹೋಗ್ಲಿ ಬಿಡಪ್ಪಾ. ಅವನೇ ಅಲುಗಾಡಿರ್ತಾನ. ಸಣ್ಣಾವ ಇದ್ದಾಗಿಂದ ಒಂದು ಕಡೆ ಸುಮ್ಕೆ ನಿಂತಾವನಲ್ಲ ಅವ" ಎಂದು ಎದ್ದರು.

ಬಸ್ಸಿನವರೆಗೆ ಅವರ ಜೊತೆ ಹೋದೆ. ಅವನು ಅಲುಗಾಡಿರಲಿಲ್ಲ ಎಂದು ಅವರಿಗೆ ಹೇಳಲು ನನ್ನಿಂದ ಆಗಲೇ ಇಲ್ಲ.