ಅತ್ತೆಗಾಗಿ ಅಗಿದ ಚೆಸ್ಟ್‌ನಟ್

ಲಿಂಗ್‌ಹ್ವಾಗೆ ಅಸಹ್ಯವಾಗದ ವಸ್ತು ಈ ಲೋಕದಲ್ಲಿ ತೀರಾ ಕಡಿಮೆ. ಬೇರೆಯವರ ಬಾಚಣಿಗೆ, ನೆಂಟರ ಮನೆಯ ದಿಂಬು, ಸಂತೆ ಹೋಟೆಲಿನ ಬಟ್ಟಲು, ಯಾವುದನ್ನು ಕಂಡರೂ ಅವಳು ಮುಖ ಸಿಂಡರಿಸಿಕೊಳ್ಳುತ್ತಿದ್ದಳು. ಊಟದ ಕಡ್ಡಿಗಳನ್ನು ದಿನವೂ ಕುದಿಯುವ ನೀರಿಗೆ ಹಾಕಿ ತೆಗೆಯುವ ಹೆಂಗಸು ಆ ಕಣಿವೆಯಲ್ಲಿ ಅವಳೊಬ್ಬಳೇ. ಇಂಥವಳು ಹುಟ್ಟಿದ್ದೂ ಮದುವೆಯಾಗಿ ನೆಲೆಸಿದ್ದೂ ಯಾನ್‌ಶಾನ್ ಬೆಟ್ಟದ ಚೆಸ್ಟ್‌ನಟ್ ಬೆಳೆಯುವ ಊರುಗಳಲ್ಲೇ. ಆ ಮರದಷ್ಟು ಹೇಸಿಗೆಯ ಮರ ಇನ್ನೊಂದಿಲ್ಲ ಎಂಬುದು ಅವಳ ಖಚಿತ ಅಭಿಪ್ರಾಯ. ಬೇಸಿಗೆಯಲ್ಲಿ ಅದು ಹೂ ಬಿಟ್ಟರೆ ಇಡೀ ಊರು ಹಳಸಿದ ಹಿಟ್ಟಿನಂತೆ ನಾರುತ್ತದೆ. ಆ ಹೂವನ್ನೇ ಹಗ್ಗದಂತೆ ಹೊಸೆದು ಒಣಗಿಸಿ ಸೊಳ್ಳೆ ಓಡಿಸಲು ಸುಡುತ್ತಾರೆ. ಸುಟ್ಟಾಗ ಸೊಳ್ಳೆಗಿಂತ ಮೊದಲು ಲಿಂಗ್‌ಹ್ವಾ ಮನೆಯಿಂದ ಆಚೆ ಓಡುತ್ತಿದ್ದಳು. ಸುಗ್ಗಿಯಲ್ಲಿ ರಾಶಿ ಹಾಕಿದ ಕಾಯಿಯೊಳಗಿಂದ ಬೆಳ್ಳನೆಯ ಕೊಬ್ಬಿದ ಹುಳುಗಳು ಹೊರಬಂದು ಅಂಗಳದ ತುಂಬ ಹೊರಳುತ್ತವೆ. ಕೋಳಿಗಳು ಅವನ್ನು ನುಂಗುತ್ತವೆ, ಆ ಕೋಳಿಗಳ ಮೊಟ್ಟೆಯನ್ನು ಜನ ಚಪ್ಪರಿಸಿಕೊಂಡು ತಿನ್ನುತ್ತಾರೆ. ಲಿಂಗ್‌ಹ್ವಾ ತಿನ್ನುತ್ತಿರಲಿಲ್ಲ.

ಅವಳನ್ನು ಸೊಸೆಯಾಗಿ ಆರಿಸಿದ್ದು ತೋಂಗ್ ಮನೆಯ ಹಿರಿಯಾಕೆ. ಹೆಣ್ಣು ನೋಡಲು ಬಂದ ದಿನ ಆಕೆ ಹುಡುಗಿಯ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಚಹಾದ ಕೆಟಲಿನ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಆಗಬಹುದು" ಎಂದು ಎದ್ದುಬಿಟ್ಟಿದ್ದಳು. ಅಂದಿನಿಂದ ಆ ಮನೆಯಲ್ಲಿ ಅತ್ತೆಯ ಟವಲು ಒಂದು ಗೂಟದಲ್ಲಿ, ಸೊಸೆಯದು ಇನ್ನೊಂದು ಗೂಟದಲ್ಲಿ. ಶುಚಿಯ ವಿಷಯಕ್ಕೆ ಇಬ್ಬರ ನಡುವೆ ಎಂದೂ ಜಗಳವಾಗಲಿಲ್ಲ. ಉಪ್ಪು, ಬೆಂಕಿ, ಹಂದಿಮರಿ, ಗಂಡನ ಚಿಲುಮೆ ಹೀಗೆ ಉಳಿದ ಎಲ್ಲಕ್ಕೂ ಆಯಿತು.

ಚಳಿ ಶುರುವಾದರೆ ಅತ್ತೆ ಬಿದಿರ ಬುಟ್ಟಿಯಲ್ಲಿ ಹಸಿ ಚೆಸ್ಟ್‌ನಟ್ ತುಂಬಿಸಿ ಉತ್ತರದ ಸೂರಿಗೆ ನೇತುಹಾಕಿಸುತ್ತಿದ್ದಳು. ಗಾಳಿಗೆ ಒಣಗಿ ಸುಕ್ಕಾದ ಮೇಲೆ, ದಿನಾ ಬೆಳಿಗ್ಗೆ ಒಳಮನೆಯಲ್ಲಿ ಒಲೆಯ ಶಾಖದಿಂದ ಬೆಚ್ಚಗಿರುವ, ಮಲಗುವ ಇಟ್ಟಿಗೆ ಜಗಲಿಯ ಅಂಚಿನಲ್ಲಿ ಕೂತು ಒಂದೊಂದನ್ನೇ ಬಾಯಿಗೆ ಹಾಕಿಕೊಂಡು, ಹಾಲಾಗುವ ತನಕ ಅಗಿದು ಗುಟುಕು ಗುಟುಕಾಗಿ ನುಂಗುತ್ತಿದ್ದಳು. ಮೂತ್ರಪಿಂಡ ಗಟ್ಟಿಯಿದ್ದರೆ ಸೊಂಟ, ಕಾಲು ಗಟ್ಟಿ ಎಂಬುದು ಅವಳ ನಂಬಿಕೆ. ಅದನ್ನು ಗಟ್ಟಿ ಮಾಡುವ ಕಾಯಿ ಇದು ಎಂದು ಊರಿನ ನಾಡಿ ವೈದ್ಯನೂ ಹೇಳುತ್ತಿದ್ದ. ಹೀಗೆ ಎಷ್ಟೋ ಚಳಿಗಾಲ ಕಳೆದವು. ಕೊನೆಗೆ ಒಂದು ವರ್ಷ ಅವಳ ಬಾಯಲ್ಲಿ ಉಳಿದಿದ್ದ ಹಲ್ಲೂ ಉದುರಿತು. ಅದೇ ಚಳಿಯಲ್ಲಿ ಕಾಲುಗಳು ನಡುಗಲು ತೊಡಗಿದವು. ಅಂಗಳದ ಮೂಲೆಯಲ್ಲಿ ಹಂದಿಗೂಡಿನ ಪಕ್ಕದ ಪಾಯಖಾನೆಗೆ ಹೋಗಿ ಬರುವುದೇ ಅವಳಿಗೆ ಒಂದು ಯಾತ್ರೆಯಾಯಿತು.

"ಗಂಜಿಗೆ ಹಾಕಿ ಮೆತ್ತಗೆ ಬೇಯಿಸಿ ಕೊಡ್ತೀನಿ ಅತ್ತೆ," ಎಂದಳು ಲಿಂಗ್‌ಹ್ವಾ.

"ಬೇಯಿಸಿದ್ದು ಹೊಟ್ಟೆಗೆ. ಕಾಲಿಗೆ ಬೇಕಾದ್ದು ಹಸೀದು. ಅದೂ ಬಾಯಲ್ಲಿ ಹಾಲಾಗಬೇಕು. ಬಲ ಇರೋದೇ ಬಾಯಿನೀರಲ್ಲಿ."

"ನಿಮಗೆ ಹಲ್ಲಿಲ್ವಲ್ಲ."

"ನಿನಗಿದ್ಯಲ್ಲ."

ಲಿಂಗ್‌ಹ್ವಾ ಗಂಡನ ಮುಖ ನೋಡಿದಳು. ಶುವಾನ್‌ಜು ಚಿಲುಮೆಯಿಂದ ಬಾಯಿ ತೆಗೆಯಲೇ ಇಲ್ಲ.

"ಅವನ ಬಾಯಿ ಬೇಡ," ಎಂದಳು ಮುದುಕಿ. "ಹೊಗೆಸೊಪ್ಪಿನ ಗಬ್ಬು."

ಶುವಾನ್‌ಜು ನೆಮ್ಮದಿಯಿಂದ ಇನ್ನೊಂದು ದಮ್ಮು ಎಳೆದ. ಆಗುವುದಿಲ್ಲ ಎಂದು ಹೇಳುವ ಧೈರ್ಯ ಲಿಂಗ್‌ಹ್ವಾಗೆ ಬರಲಿಲ್ಲ. ಅತ್ತೆಯ ಕಾಲು ಬಿದ್ದುಹೋದದ್ದು ಸೊಸೆಯ ಹೇವರಿಕೆಯಿಂದ ಎಂದು ಊರು ಆಡಿಕೊಂಡರೆ ಬಾವಿಕಟ್ಟೆಯಲ್ಲಿ ತಲೆ ಎತ್ತುವಂತಿಲ್ಲ. ಮರುದಿನ ಬೆಳಿಗ್ಗೆ ಗೋಡೆಗೆ ಮುಖಮಾಡಿ ನಿಂತು ಮೊದಲ ಕಾಯಿಯನ್ನು ಬಾಯಿಗೆ ಹಾಕಿಕೊಂಡಳು.

ಅಗಿಯುವುದೇನೋ ಸುಲಭ. ಅಗಿದದ್ದನ್ನು ಚಮಚಕ್ಕೆ ಬಿಡುವುದಿತ್ತಲ್ಲ, ಅದು ಪ್ರಾಣಸಂಕಟ. ಹಳದಿ ಬಣ್ಣದ ಲೋಳೆ, ತುಟಿಯಿಂದ ಚಮಚದವರೆಗೆ ಕಡಿಯದೆ ಜೋಲುವ ಎಳೆ. ಅವಳು ಕಣ್ಣು ಮುಚ್ಚಿ ಚಮಚವನ್ನು ಹಿಂದಕ್ಕೆ ಚಾಚುತ್ತಿದ್ದಳು. ಬೆನ್ನ ಹಿಂದೆ ಬೋಳು ಒಸಡುಗಳು ಪಚಪಚ ಎನ್ನುವುದು ಕೇಳುತ್ತಿತ್ತು. ತನ್ನ ಎಂಜಲು ಇನ್ನೊಬ್ಬರ ಗಂಟಲಲ್ಲಿ ಇಳಿಯುವ ಸದ್ದು ಅದು. ಕೊನೆಯ ಕಾಯಿ ಮುಗಿದೊಡನೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಹಂದಿಗೂಡಿನ ಕಡೆ ಉಗಿದು ಬರುತ್ತಿದ್ದಳು. ಆಮೇಲೆ ಮಧ್ಯಾಹ್ನದವರೆಗೆ ಒಂದು ತುತ್ತೂ ಸೇರುತ್ತಿರಲಿಲ್ಲ.

ಒಂದು ದಿನ ಉಪಾಯ ಹೊಳೆಯಿತು. ಅಡುಗೆಮನೆಯಲ್ಲಿ ಒರಳಿಗೆ ಹಾಕಿ ನುಣ್ಣಗೆ ಅರೆದು, ಬಿಸಿನೀರು ಬೆರೆಸಿ, ಗೋಡೆಗೆ ತಿರುಗಿ ಸುಮ್ಮನೆ ದವಡೆ ಆಡಿಸಿ ಚಮಚ ಚಾಚಿದಳು. ಮುದುಕಿ ಅದನ್ನು ನಾಲಿಗೆಯ ಮೇಲೆ ಹೊರಳಿಸಿ ತಡೆದಳು.

"ಯಾರ ಬಾಯಿ ಇದು?"

"ನಂದೇ ಅತ್ತೆ."

"ಇದು ಕಲ್ಲಿನ ಬಾಯಿ. ಅಗಿದಿದ್ದು ಸಿಹಿಯಾಗಿರ್ತದೆ."

ಮರುದಿನ ಲಿಂಗ್‌ಹ್ವಾ ಅರೆದದ್ದಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿದಳು.

"ಇವತ್ತು ಅಂಗಡಿ ಬಾಯಿ," ಎಂದು ಮುದುಕಿ ಚಮಚ ಹಿಂದಿರುಗಿಸಿದಳು. "ನಂಗೆ ಹೋಗಿರೋದು ಹಲ್ಲು ಕಣಮ್ಮ, ನಾಲಿಗೆ ಅಲ್ಲ."

ಉಪಾಯ ಅಲ್ಲಿಗೇ ನೆಗೆದುಬಿತ್ತು. ಲಿಂಗ್‌ಹ್ವಾ ಮತ್ತೆ ಅಗಿದಳು, ಮನಸ್ಸಿನಲ್ಲೇ ಮುದುಕಿಗೆ ಶಾಪ ಹಾಕುತ್ತ ಅಗಿದಳು. ಬೇಕಂತಲೇ ಮಾಡಿಸುತ್ತಿದ್ದಾಳೆ, ನನ್ನ ಸೊಕ್ಕು ಮುರಿಯಲೆಂದೇ ಈ ಹೊಲಸು ಕೆಲಸ ಹಚ್ಚಿದ್ದಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ವರ್ಷದ ಕೊನೆಯ ತಿಂಗಳು ಹುಟ್ಟುವ ಮುಂಚೆ ನಾದಿನಿ ಸುಯುನ್ ತವರಿಗೆ ಬಂದಳು. ಮಾತಿಗೆ ಮುಂಚೆ ಕಣ್ಣೀರು ಸುರಿಸುವ ಹೆಂಗಸು. ತಾಯಿಯ ಕಾಲು ಒತ್ತುತ್ತ ಅತ್ತಿಗೆಗೆ ಬುದ್ಧಿ ಹೇಳಿದಳು. "ಅಲ್ಲ ಅತ್ತಿಗೆ, ಹಿರಿಯರಿಗೆ ಒಂದು ಕಾಯಿ ಅಗಿದು ಕೊಡೋಕೂ ಮುಖ ತಿರುಗಿಸ್ತಾರಾ? ನಾನು ಈ ಮನೇಲಿದ್ದಿದ್ರೆ ನಗ್‌ನಗ್ತಾ ಮಾಡ್ತಿದ್ದೆ."

ಲಿಂಗ್‌ಹ್ವಾ ಬುಟ್ಟಿ ಇಳಿಸಿ, ಒಂದು ಕಾಯಿ ಸುಲಿದು ನಾದಿನಿಯ ಕೈಯಲ್ಲಿಟ್ಟಳು. ಸುಯುನ್ ನಗುತ್ತಲೇ ಶುರುಮಾಡಿದಳು. ಚಮಚ ತುಟಿಯ ಹತ್ತಿರ ಬಂದಾಗ ನಗು ಹೋಯಿತು. ಅರ್ಧ ಬಿಟ್ಟದ್ದೇ ತಡ, ಓಕರಿಕೆ ಬಂದು ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದಳು. ಮದುವೆಯಾಗಿ ಬಂದ ಮೇಲೆ ಲಿಂಗ್‌ಹ್ವಾ ಅಷ್ಟು ಖುಷಿಪಟ್ಟ ಬೆಳಿಗ್ಗೆ ಇನ್ನೊಂದಿರಲಿಲ್ಲ.

ಸುಯುನ್ ಮುಖ ಒರೆಸಿಕೊಂಡು ಒಳಗೆ ಬಂದು ಬೇರೆ ದಾರಿ ಹಿಡಿದಳು. "ಅಮ್ಮ, ಇಷ್ಟೆಲ್ಲ ಒದ್ದಾಟ ಯಾಕೆ? ಜಗಲಿ ಪಕ್ಕ ಒಂದು ಬೋಗುಣಿ ಇಟ್ಕೊಂಡ್ರಾಯ್ತು. ಪಾಯಖಾನೆಗೆ ನಡೆಯೋದೇ ತಪ್ಪುತ್ತೆ. ಅತ್ತಿಗೆ ಎತ್ತಿ ಚೆಲ್ತಾರೆ, ಒರೆಸ್ತಾರೆ."

ಮುದುಕಿಯ ಮುಖ ಕೆಂಪಾಯಿತು. "ಒರೆಸ್ತಾಳಾ?" ಎಂದಳು. "ನಿಂಗೆ ಈಗ ವಾಂತಿ ಬಂತಲ್ಲ, ನಂಗೆ ಬರಲ್ಲ ಅಂದ್ಕೊಂಡ್ಯಾ? ಇವಳ ಎಂಜಲು ನುಂಗುವಾಗ ದಿನಾ ಹೊಟ್ಟೆಯೊಳಗೆ ಕಲಸ್ತದೆ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನುಂಗ್ತೀನಿ. ಯಾಕೆ? ನನ್ನ ಮೈ ಇನ್ನೊಬ್ಬರು ತೊಳೆಯೋ ದಿನ ಬರಬಾರದು ಅಂತ. ಈ ಕಾಲು ಪಾಯಖಾನೆವರೆಗೆ ಹೋದರೆ ಸಾಕು. ಇನ್ನೆಲ್ಲಿಗೂ ಬೇಡ ನಂಗೆ."

ಕೆಟಲಿನೊಳಗೆ ಬೆರಳಾಡಿಸಿ ಬೆಳಕಿಗೆ ಹಿಡಿದಿದ್ದ ಕೈ ಈಗ ಹೊದಿಕೆಯ ಅಂಚನ್ನು ಹಿಂಡುತ್ತಿತ್ತು. ಲಿಂಗ್‌ಹ್ವಾ ಅದನ್ನು ನೋಡಿದಳು. ಇಷ್ಟು ದಿನ ತಾನು ಗೋಡೆ ನೋಡುತ್ತ ನಿಂತಾಗ ಬೆನ್ನ ಹಿಂದೆ ಈ ಹೆಂಗಸೂ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಮರುದಿನದಿಂದ ಅವಳು ಬಾಯಿಯನ್ನು ಮೊದಲೇ ಉಪ್ಪುನೀರಿನಲ್ಲಿ, ಆಮೇಲೆ ಬಿಸಿ ಚಹಾದಲ್ಲಿ ತೊಳೆದುಕೊಂಡು ಅಗಿಯತೊಡಗಿದಳು. ಸಿಹಿ ಹೆಚ್ಚಲೆಂದು ಇನ್ನೂ ಹೆಚ್ಚು ಹೊತ್ತು ಅಗಿದಳು. ಹೇಸಿಗೆ ಕಡಿಮೆಯಾಯಿತೇ ಎಂದರೆ ಇಲ್ಲ. ಆದರೆ ಶಾಪ ಹಾಕುವುದು ನಿಂತಿತು. ಅತ್ತೆ ಕೋಲೂರಿಕೊಂಡು ಅಂಗಳ ದಾಟುವಾಗ ಕಿಟಕಿಗೆ ಅಂಟಿಸಿದ ಕಾಗದದ ತೂತಿನಿಂದ ಅವಳ ಕಾಲನ್ನೇ ನೋಡುತ್ತ ನಿಲ್ಲುತ್ತಿದ್ದಳು. ಒಂದೊಂದು ದಿನ ಕಾಲು ಗಟ್ಟಿಯಾದಂತೆ ಕಾಣುತ್ತಿತ್ತು, ಒಂದೊಂದು ದಿನ ಇಲ್ಲ.

ಕೊನೆಯ ತಿಂಗಳ ಹಬ್ಬದ ಗಂಜಿಗೆಂದು ಚೆಸ್ಟ್‌ನಟ್, ಖರ್ಜೂರ, ಹುರುಳಿ ನೆನೆಹಾಕಿದ್ದ ದಿನ ಬೆಳಿಗ್ಗೆಯೇ ಹಿಮ ಬಿದ್ದಿತ್ತು. ಲಿಂಗ್‌ಹ್ವಾ ಒಲೆಗೆ ಕಡ್ಡಿ ತುರುಕುವಷ್ಟರಲ್ಲಿ ಮುದುಕಿ ಯಾರನ್ನೂ ಕರೆಯದೆ ಪಾಯಖಾನೆಗೆ ಹೊರಟುಬಿಟ್ಟಿದ್ದಳು. ಹಂದಿಗೂಡನ್ನು ಮುಟ್ಟುವ ಮೊದಲೇ ಕಾಲು ಕೈಕೊಟ್ಟಿತು. ಶುವಾನ್‌ಜು ಎತ್ತಿಕೊಂಡು ಬಂದು ಜಗಲಿಯ ಮೇಲೆ ಮಲಗಿಸಿದಾಗ ಅವಳ ಬಲಗೈ ಮಣಿಕಟ್ಟು ಊದಿತ್ತು, ಹತ್ತಿಯ ಇಜಾರ ಪೂರ್ತಿ ಕೊಳೆಯಾಗಿತ್ತು.

ಲಿಂಗ್‌ಹ್ವಾ ಗಂಡನನ್ನು ಹೊರಗಟ್ಟಿ ಬಾಗಿಲು ಹಾಕಿದಳು. ಗಂಜಿಗೆ ಇಟ್ಟಿದ್ದ ಬಿಸಿನೀರನ್ನು ಬೋಗುಣಿಗೆ ಸುರಿದಳು. ಇಜಾರ ಬಿಚ್ಚಿದೊಡನೆ ವಾಸನೆ ಮೂಗಿಗೆ ಹೊಡೆಯಿತು. ಹಲ್ಲು ಕಚ್ಚಿಕೊಂಡು ಅವಳು ಬಟ್ಟೆ ಅದ್ದಿದಳು. ಮುದುಕಿ ಗೋಡೆಗೆ ಮುಖಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದಳು.

"ಮೂಗು ಮುಚ್ಕೋ," ಎಂದಳು.

"ಮುಚ್ಕೊಂಡಿದ್ದೀನಿ," ಎಂದಳು ಲಿಂಗ್‌ಹ್ವಾ. ಅವಳ ಎರಡೂ ಕೈ ಕೆಲಸದಲ್ಲಿದ್ದವು.

ನೀರನ್ನು ಎರಡನೆಯ ಸಲ ಬದಲಿಸುವಾಗ ಮುದುಕಿ ಮತ್ತೆ ಬಾಯಿಬಿಟ್ಟಳು. "ನಾಳೆಯಿಂದ ಆ ಕಾಯಿ ಬೇಡ. ಆಗೋದು ಆಗಿ ಹೋಯ್ತಲ್ಲ."

"ಸುಮ್ನಿರಿ. ಬುಟ್ಟೀಲಿ ಇನ್ನೂ ಇದಾವೆ. ಹುಳ ತಿನ್ಲಿ ಅಂತ ಬಿಡ್ಲಾ?"

ಮರುದಿನ ಬೆಳಿಗ್ಗೆ ಲಿಂಗ್‌ಹ್ವಾ ಎಂದಿನಂತೆ ಗೋಡೆಗೆ ಮುಖಮಾಡಿ ಅಗಿದಳು, ಎಂದಿನಂತೆಯೇ ಓಕರಿಸಿದಳು. ಅತ್ತೆಯ ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಚಮಚವನ್ನು ಹಿಂದಕ್ಕೆ ಚಾಚಿದರೆ ಹಿಡಿಯುವವರಿರಲಿಲ್ಲ. ಅವಳು ತಿರುಗಿ ಜಗಲಿಯ ಮೇಲೆ ಕೂತು, ತನ್ನ ಕೈಯಿಂದಲೇ ಆ ಬೋಳು ಬಾಯಿಗೆ ಹಾಕಿದಳು. ಮುದುಕಿ ಕಣ್ಣು ಬಿಟ್ಟುಕೊಂಡೇ ಅದನ್ನು ತುಂಬಾ ಹೊತ್ತು ಹೊರಳಿಸಿ ನುಂಗಿದಳು.

"ಹೇಗಿದೆ?"

"ಅಸಹ್ಯವಾಗಿದೆ," ಎಂದು ಮುದುಕಿ ಮುಂದಿನ ಚಮಚಕ್ಕೆ ಬಾಯಿ ತೆರೆದಳು.